ಮೂರು ಸಲ ತಪ್ಪಿದವನು

ಪ್ಲಂಬರನ ಕೈ ಬಂಗಾರ. ತಲೆ ಮಾತ್ರ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ. ಒಂದು ಮನೆಯ ನಲ್ಲಿ ಬಿಚ್ಚಿಟ್ಟು ವಾಷರ್ ತರಲು ಹೋದವನು ದಾರಿಯಲ್ಲಿ ಇನ್ನೊಬ್ಬರ ಗೀಸರ್ ರಿಪೇರಿಗೆ ಕೂತುಬಿಡುತ್ತಿದ್ದ. ಮೊದಲಿನ ಮನೆಯವರು ನೀರಿಲ್ಲದೆ ಫೋನ್ ಮಾಡಿದರೆ, ಅವನ ಫೋನು ಅವರದೇ ಸಿಂಕಿನ ಕೆಳಗೆ ಬಡಿದುಕೊಳ್ಳುತ್ತಿತ್ತು.

ಅವನ ಅಕ್ಕ ಬಸ್ ಡ್ರೈವರ್. ನಿಮಿಷ ಆಚೀಚೆಯಾದರೆ ಸಹಿಸದವಳು. ತಮ್ಮನದು ಸೋಮಾರಿತನವಲ್ಲ, ಗಮನ ಒಂದೆಡೆ ನಿಲ್ಲದ ಎಡಿಎಚ್‌ಡಿ ಇರಬಹುದು ಎಂದು ಯಾರೋ ಹೇಳಿದ ಮೇಲೆ, ಬೈಯುತ್ತಲೇ ಆಸ್ಪತ್ರೆಯಲ್ಲಿ ಸಮಯ ಗೊತ್ತುಮಾಡಿಸಿದಳು. ಅವನು ಮರೆತ. ಎರಡನೇ ಸಲ ಬೇರೆ ಆಸ್ಪತ್ರೆಗೆ ಹೋಗಿ ಕೂತ. ಮೂರನೇ ಸಲ ಸರಿಯಾದ ಆಸ್ಪತ್ರೆಗೇ ಹೋದ, ಆದರೆ ಕೆಳಮಹಡಿಯಲ್ಲಿ ಸೋರುವ ಪೈಪು ಕಂಡಿತು. ಪೈಪು ಸರಿಹೋಯಿತು, ಹೊತ್ತು ಮೀರಿತು.

ಇನ್ನೊಮ್ಮೆ ತಪ್ಪಿದರೆ ಪಟ್ಟಿಯಿಂದ ತೆಗೆದುಹಾಕುತ್ತಾರೆ, ಮತ್ತೆ ಸೇರಲು ಒಂದು ವರ್ಷ ಕಾಯಬೇಕು. ಇನ್ನೊಂದು ವರ್ಷ ಊರವರ ಕೈಲಿ ಬೈಸಿಕೊಳ್ಳುವ ತಾಕತ್ತು ಅವನಿಗೂ ಉಳಿದಿರಲಿಲ್ಲ.

ನಾಲ್ಕನೆಯದು ಬುಧವಾರ ಹತ್ತು ಗಂಟೆಗೆ. ಸಾಮಾನಿನ ಚೀಲ ಮನೆಯಲ್ಲೇ ಬಿಟ್ಟು, ಯಾವ ಪೈಪಿನ ಕಡೆಗೂ ಕಣ್ಣೆತ್ತದೆ ನಡೆದು, ಒಂಬತ್ತೂವರೆಗೇ ಕೌಂಟರಿನ ಮುಂದೆ ಎದೆಯುಬ್ಬಿಸಿ ನಿಂತ.

ಕೌಂಟರಿನ ಹೆಂಗಸು ಕಂಪ್ಯೂಟರ್ ನೋಡಿದಳು. "ಇವತ್ತು ಮಂಗಳವಾರ ಅಣ್ಣ."

ನಾಳೆ ಬನ್ನಿ ಅಂದಳು. ಅವನು ಕದಲಲಿಲ್ಲ.

"ನಾಳೆ ನಾನು ಬರಲ್ಲ ತಾಯಿ. ಬರ್ತೀನಿ ಅಂತ ಹೇಳ್ತೀನಿ, ಬರಲ್ಲ. ಅದನ್ನೇ ತೋರಿಸೋಕೆ ಬಂದಿರೋದು."

ಅವಳಿಗೆ ನಗು ತಡೆಯಲಾಗಲಿಲ್ಲ, ಆದರೂ ನಿಯಮ ನಿಯಮವೇ ಅಂದಳು. ಅವನು ಅಕ್ಕನಿಗೆ ಫೋನ್ ಮಾಡಿದ. ಅವಳ ಬಸ್ ಕೊನೆಯ ಸ್ಟಾಪಿನಲ್ಲಿ ನಿಂತಿತ್ತು. ಎದ್ದರೆ ಕಾಲು ಮುರಿಯುತ್ತೇನೆ, ನಾಳೆಯವರೆಗೂ ಅಲ್ಲೇ ಕೂತಿರು ಎಂದು ಅಕ್ಕ ಅಪ್ಪಣೆ ಮಾಡಿದಳು. ಕೂತ.

ಹತ್ತು ಗಂಟೆಗೆ ಒಬ್ಬರನ್ನು ಕರೆದರು, ಯಾರೂ ಏಳಲಿಲ್ಲ. ಹತ್ತೂವರೆಗೆ ಕರೆದವರೂ ಬಂದಿರಲಿಲ್ಲ. ಕೊನೆಗೆ ಡಾಕ್ಟರಮ್ಮನೇ ಬಾಗಿಲಿಗೆ ಬಂದರು. ಖಾಲಿ ಕುರ್ಚಿಗಳ ನಡುವೆ ಇವನೊಬ್ಬನೇ. ಕೌಂಟರಿನವಳು ವಿಷಯ ತಿಳಿಸಿದಳು.

"ನಮ್ಮ ಹತ್ರ ಬರೋರು ಅರ್ಧ ಜನ ಮರೀತಾರೆ, ಇನ್ನರ್ಧ ದಿನ ತಪ್ಪಿ ಬರ್ತಾರೆ. ಸಿಕ್ಕವರನ್ನ ಬಿಡೋದುಂಟೇನ್ರಿ? ಬನ್ನಿ ಒಳಗೆ."

ಡಾಕ್ಟರಮ್ಮ ಒಂದು ಗಂಟೆ ಹೊತ್ತು ಕೇಳಿದರು. ಅವನು ನಲ್ಲಿಯಿಂದ ಗೀಸರಿಗೆ, ಗೀಸರಿನಿಂದ ಶಾಲೆಯ ಹಿಂದಿನ ಬೆಂಚಿಗೆ ಹಾರಿದ. ಇನ್ನೆರಡು ಸಲ ಬರಬೇಕು, ಆದರೆ ಇದು ಅದೇ, ಅನುಮಾನವಿಲ್ಲ ಅಂದರು. ಔಷಧಿಯಿದೆ, ದಾರಿಯಿದೆ ಅಂದರು.

ಹೊರಗೆ ಬಂದವನೇ ಲಾಟರಿ ಹೊಡೆದವನಂತೆ ಅಕ್ಕನಿಗೆ ಫೋನ್ ಮಾಡಿದ.

"ಹಾಗಾದ್ರೆ ಇಷ್ಟು ವರ್ಷ ನಾನು ಬೈದಿದ್ದು?"

"ವಾಪಸ್ ತಗೋ."

"ಅರ್ಧ ತಗೋತೀನಿ ಕಣೋ," ಅಂದಳು ಅಕ್ಕ. "ಇನ್ನರ್ಧಕ್ಕೆ ನೀನು ಲಾಯಕ್ಕೇ."