ರಾಣಿಯ ಹೆಸರಿನಲ್ಲಿ

ತಿಥಿಯಾಗಿ ಒಂಬತ್ತು ವರ್ಷ ಕಳೆದ ಮೇಲೆ, ಒಂದು ಗುರುವಾರ ಮಧ್ಯಾಹ್ನ, ದೊಡ್ಡಬಸಮ್ಮನ ಮಗಳು ಕೋಮಲ ಧನಗೆರೆಗೆ ಬಂದು ತವರಿನ ಜಗಲಿಯ ಮೇಲೆ ಕೂತಳು. ನಿಜವಾಗಿ ಸತ್ತಿದ್ದರೆ ತಾನೆ ಬರದೆ ಇರುವುದು.

ಕುಂತೂರಿನ ಫ್ಯಾಕ್ಟರಿಗೆ ಕಬ್ಬು ಕಡಿಯಲು ಬಂದ ಗುಂಪಿನಲ್ಲಿ ಜೀವರತ್ನಂ ಎಂಬವನಿದ್ದ. ಸಿಲೋನಿನ ತಮಿಳ. ಯುದ್ಧಕ್ಕೆ ಹೆದರಿ ಓಡಿ ಬಂದ ತಾಯಿಯ ಕಂಕುಳಲ್ಲಿ ಇಲ್ಲಿಗೆ ಬಂದು, ಸತ್ಯಮಂಗಲದಾಚೆಯ ನಿರಾಶ್ರಿತರ ಕ್ಯಾಂಪಿನಲ್ಲಿ ಬೆಳೆದವನು. ಕೋಮಲ ಅವನ ಹಿಂದೆ ಹೋದಳು. ಅಣ್ಣ ಶಾಂತಮೂರ್ತಿ ಮನೆಯ ಮಾನ ಕಾಯಲು, ಬದುಕಿದ್ದ ತಂಗಿಗೆ ತಿಥಿ ಮಾಡಿ ಊರಿಗೆ ಊಟ ಹಾಕಿದ. ಮಾನದ ಜೊತೆಗೆ ಜಮೀನೂ ಉಳಿಯಲಿ ಅಂತ, ವಂಶವೃಕ್ಷ ಬರೆಸುವಾಗ ಅವಳ ಹೆಸರನ್ನೇ ಬಿಟ್ಟ. ತನಗೆ ಒಬ್ಬನೇ ಮಗ ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದವಳು ದೊಡ್ಡಬಸಮ್ಮನೇ. ಗಂಡನಿಲ್ಲದವಳು ಮಗನ ಮನೆಯಲ್ಲಿ ಬಾಳಬೇಕಲ್ಲ.

ಒಂಬತ್ತು ವರ್ಷದಿಂದ ಅವಳು ಒಲೆಯ ಮುಂದೆ ಒಬ್ಬಳೇ ಮಗಳ ಹತ್ತಿರ ತಪ್ಪಾಯ್ತು ಅನ್ನುತ್ತಿದ್ದಳು. ಈಗ ಮಗಳು ಎದುರಿಗೇ ಕೂತಿರುವಾಗ ಅದನ್ನು ಬಿಟ್ಟು ನೀರಿನ ಚೊಂಬು ತಂದಿಟ್ಟಳು. ಕೋಮಲಳಿಗೆ ಅದನ್ನೆಲ್ಲ ಕೇಳುವ ಪುರುಸೊತ್ತೂ ಇರಲಿಲ್ಲ.

ಜೀವರತ್ನನ ಮೊದಲ ಹೆಂಡತಿ ರಾಣಿ ತೀರಿಕೊಂಡಾಗ, ಅಕ್ಕಿ ಕಡಿಮೆಯಾಗುತ್ತದೆಂದು ಅವನು ಕ್ಯಾಂಪಿನ ಪಟ್ಟಿಯಿಂದ ಹೆಸರು ತೆಗೆಸಿರಲಿಲ್ಲ. ಆ ಹೆಸರಿನಲ್ಲೇ ಕೋಮಲ ಹಾಜರಿ ಕೊಟ್ಟಳು, ಅದೇ ಹೆಸರಿನಲ್ಲಿ ಎರಡು ಹೆತ್ತಳು. ಈಗ ಸಂಸ್ಥೆಯೊಂದು ಸ್ವದೇಶಕ್ಕೆ ಮರಳುವವರಿಗೆ ವಿಮಾನದ ಟಿಕೆಟು, ಆರು ತಿಂಗಳ ದಿನಸಿ, ಗುಡಿಸಲಿಗೆ ತಗಡು ಕೊಡುತ್ತಿತ್ತು. ಕಂಡವರ ನಾಡಿನಲ್ಲಿ ಹಾಜರಿ ಹೇಳಿ ಸಾಕಾಗಿದ್ದ ಜೀವರತ್ನಂ ಹೊರಟು ನಿಂತಿದ್ದ. ಅಷ್ಟರಲ್ಲಿ ಕ್ಯಾಂಪಿನ ಯಾವನೋ ಪುಣ್ಯಾತ್ಮ, ಇವಳು ರಾಣಿಯಲ್ಲ, ಕೊಳ್ಳೇಗಾಲದ ಕಡೆಯ ಧನಗೆರೆಯ ದೊಡ್ಡಬಸಮ್ಮನ ಮಗಳು ಅಂತ ಅರ್ಜಿ ಹಾಕಿದ್ದ. ಶನಿವಾರ ಸಂಸ್ಥೆಯ ಮೇಡಂ ಅವಳನ್ನು ಇದೇ ಮನೆಗೆ ಕರೆತಂದು ವಿಚಾರಿಸುವವರಿದ್ದರು.

"ಇವ್ಳು ನನ್ ಮಗಳಲ್ಲ ಅನ್ಬುಡವ್ವ," ಅಂದಳು ಕೋಮಲ. "ಮಕ್ಳು ಅಪ್ಪನ ಕಾಗದದಲ್ಲಿ ಅವೆ. ನಾನು ಇಲ್ಲಿಯವ್ಳು ಅಂತಾದ್ರೆ ನನ್ನ ಕಳಿಸಲ್ಲ. ಅವು ಅಲ್ಲಿ, ನಾನು ಇಲ್ಲಿ ಆಯ್ತೀವಿ."

ಅಷ್ಟು ಹೇಳಿ ನೀರನ್ನೂ ಕುಡಿಯದೆ ಬಸ್ಸಿಗೆ ಓಡಿದಳು.

ಶನಿವಾರ ಬೆಳಿಗ್ಗೆ ಜೀಪು ಬಂತು. ಮೇಡಂ ಜ್ಯೋತಿಲಕ್ಷ್ಮಿ ಕೆಟ್ಟ ಹೆಂಗಸಲ್ಲ. ಚಾಪೆಯ ಮೇಲೆಯೇ ಕೂತು ನಿಧಾನವಾಗಿ ವಿವರಿಸಿದರು. ಅಲ್ಲಿ ಕಾಲ ಇನ್ನೂ ನೆಟ್ಟಗಿಲ್ಲ, ಹೋದ ವರ್ಷ ಮರಳಿದವರಲ್ಲಿ ಕೆಲವರನ್ನು ವಿಮಾನ ಇಳಿದ ಕೂಡಲೇ ಪೊಲೀಸರು ಕರೆದೊಯ್ದಿದ್ದಾರೆ, ಸಂಸ್ಥೆ ಹಿಂದೆ ಬಿದ್ದು ಬಿಡಿಸಿ ತಂದಿದೆ.

"ಆದ್ರೆ ನಮ್ಮ ಪಟ್ಟೀಲಿರೋ ಹೆಸರಿಗೆ ಮಾತ್ರ ನಾವು ಜವಾಬ್ದಾರಿ, ಅಮ್ಮ. ಸುಳ್ಳು ಹೆಸರು ಅಂತ ಅಲ್ಲಿ ಗೊತ್ತಾದ್ರೆ ಇವರನ್ನ ಕೇಳೋರು ಯಾರೂ ಇರಲ್ಲ. ಅದಕ್ಕೇ ನಿಮ್ಮನ್ನ ಕೇಳೋಕೆ ಬಂದೆ."

ಕೇಳುವ ಮೊದಲೇ ಶಾಂತಮೂರ್ತಿ ವಂಶವೃಕ್ಷದ ಜೆರಾಕ್ಸ್ ತಂದು ಮುಂದೆ ಹಿಡಿದ. ಅವನ ಚುರುಕು ಕಂಡು ದೊಡ್ಡಬಸಮ್ಮನಿಗೆ ಮೈಯೆಲ್ಲ ಉರಿಯಿತು. ಮೇಡಂ ಅದನ್ನು ಪಕ್ಕಕ್ಕಿಟ್ಟು, ತಾಯಿಯೇ ಹೇಳಲಿ ಅಂದರು.

ಮಗಳು ಕಂಬಕ್ಕೊರಗಿ ನಿಂತಿದ್ದಳು. ಕಣ್ಣ ಕೆಳಗೆ ಕಪ್ಪು, ಕೈಯಲ್ಲಿ ಎರಡು ಪ್ಲಾಸ್ಟಿಕ್ ಬಳೆ. ನನ್ನದೇ ಕೂಸು, ಹಿಡಿದಿಟ್ಟುಕೊಳ್ಳುತ್ತೇನೆ, ಯಾರು ಏನು ಬೇಕಾದರೂ ಮಾಡಿಕೊಳ್ಳಲಿ ಅನ್ನುವ ಮಾತು ದೊಡ್ಡಬಸಮ್ಮನ ಗಂಟಲವರೆಗೂ ಬಂತು. ಹಿಡಿದಿಟ್ಟುಕೊಂಡರೆ ಇವಳೂ ತನ್ನ ಹಾಗೆಯೇ ಒಲೆಯ ಮುಂದೆ ಕೂತು ಮಕ್ಕಳ ಹೆಸರು ಕರೆಯುತ್ತಾಳೆ. ಆ ಬಾಳು ಏನು ಅಂತ ಅವಳಿಗೆ ಗೊತ್ತಿತ್ತು.

"ನಂಗೆ ಒಬ್ನೇ ಮಗ ಕಣ್ ಮೇಡಮ್ಮೋರೆ," ಅಂದಳು. "ಇವ್ರು ಯಾರೋ ಗೊತ್ತಿಲ್ಲ."

ಮೇಡಂ ಬರೆದುಕೊಂಡರು. ಶಾಂತಮೂರ್ತಿ ಖುಷಿಯಾಗಿ ಎಲ್ಲರಿಗೂ ಕಾಫಿ ತರಿಸುತ್ತೇನೆ ಅಂದ. ಮೇಡಂ ಬೇಡವೆಂದು ಎದ್ದರು.

ದೊಡ್ಡಬಸಮ್ಮ ದಡಬಡ ಒಳಗೆ ಹೋಗಿ ಮೊರದ ತುಂಬ ಅಕ್ಕಿ, ಬೆಲ್ಲ, ಎರಡು ತೆಂಗಿನಕಾಯಿ ಹಾಕಿಕೊಂಡು ಬಂದಳು. ಗಂಡನಿಲ್ಲದವಳು ಮಡಿಲು ತುಂಬಬಾರದು ಅನ್ನುವವರು ಅನ್ನಲಿ, ಮನೆಗೆ ಬಂದ ಮುತ್ತೈದೆಯರಿಗೆ ತುಂಬಿದರೆ ಯಾರು ತಾನೇ ಅನುಮಾನ ಪಡುತ್ತಾರೆ? ಮೊದಲು ಮೇಡಂ ಎದುರು ಹಿಡಿದಳು. ಜ್ಯೋತಿಲಕ್ಷ್ಮಿ ಕೈಮುಗಿದು, ವಿಚಾರಣೆಗೆ ಹೋದ ಮನೆಯಲ್ಲಿ ತಾವಾಗಲಿ ಜೊತೆಗೆ ಬಂದವರಾಗಲಿ ಏನನ್ನೂ ತೆಗೆದುಕೊಳ್ಳುವಂತಿಲ್ಲ, ಬೇಜಾರು ಮಾಡಿಕೊಳ್ಳಬೇಡಿ ಅಂದರು.

ಅಷ್ಟರಲ್ಲಿ ಕೋಮಲ ಸೆರಗೊಡ್ಡಿಬಿಟ್ಟಿದ್ದಳು. ಮೇಡಂ ತಿರುಗುವಷ್ಟರಲ್ಲಿ ಖಾಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತಲೆ ತಗ್ಗಿಸಿ ಜೀಪು ಹತ್ತಿದಳು.

ಜೀಪು ಕಣ್ಮರೆಯಾದರೂ ದೊಡ್ಡಬಸಮ್ಮ ಮೊರ ಹಿಡಿದು ನಿಂತೇ ಇದ್ದಳು.

"ಮಧ್ಯಾನಕ್ಕೆ ಈ ಅಕ್ಕೀನೇ ಬೇಯ್ಸ್ಬುಡವ್ವ," ಅಂದ ಶಾಂತಮೂರ್ತಿ.

ಬೇಯಿಸಿದಳು. ಅವನು ಎರಡು ಸಲ ಬಡಿಸಿಕೊಂಡು ಉಂಡ.