ಗಂಟೆ ಹೊಡೆಯದ ದಿನ

ಎರಡನೇ ಜರ್ಮನಿ ಯುದ್ಧ ಶುರುವಾದ ವರ್ಷ ಬಣಕಲ್ ಹತ್ತಿರದ ಒಂದು ಕಾಫಿ ತೋಟದ ಕೂಲಿ ಲೈನಿನಲ್ಲಿ, ಆಳುಗಳ ಸಾಲುಮನೆಯೊಂದರಲ್ಲಿ, ನನ್ನ ಮಗ ಹುಟ್ಟಿದ. ಗಂಡ ಬೊಮ್ಮಯ್ಯ ಮರ ಕೊಯ್ಯಲು ಕಳಸದ ಕಡೆ ಹೋಗಿದ್ದ. ಐದನೇ ದಿನ ಕೂಸಿನ ಕೈಕಾಲು ಸೆಟೆದು ಅದುರಿತು, ಕಣ್ಣು ಒಂದೇ ಕಡೆ ವಾಲಿತು, ತುಟಿ ನೀಲಿಯಾಯಿತು. ಕೂಸನ್ನು ಹಿಡಿಯುವ ಬಾಲಗ್ರಹ ಎಂದರು ಲೈನಿನವರು. ಸೂಲಗಿತ್ತಿ ಜವರಮ್ಮ ಅರಿಶಿನಕೊಂಬು ಸುಟ್ಟು ಹೊಟ್ಟೆಗೆ ಬರೆ ಹಾಕಲು ಬಂದಳು. ಹಿರಿಯಳೆಂದೂ ನೋಡದೆ ಬೈದು ಅಟ್ಟಿದೆ. ಅವತ್ತಿನಿಂದ ಲೈನಿನವರು ನನ್ನ ಬಾಗಿಲ ಕಡೆ ತಲೆ ಹಾಕಲಿಲ್ಲ. ಅವರ ಮನೆಗಳಲ್ಲೂ ಕೂಸುಗಳಿದ್ದವು, ಗ್ರಹ ಅಂಟೀತೆಂಬ ಭಯ. ನನಗೇನು ಇವರ ಹಂಗು ಎಂದುಕೊಂಡೆ. ಸುಳ್ಳು. ಅವರ ಒಂದು ಮಾತಿಗೆ ಹಾತೊರೆಯುತ್ತಿದ್ದೆ.

ಹಸಿ ಬಾಣಂತಿ, ಕೂಸನ್ನು ಎತ್ತಿಕೊಂಡು ಒಬ್ಬಳೇ ಬಸ್ಸು ಹತ್ತಿ ಮೂಡಿಗೆರೆಗೆ ಹೋದೆ. ಡಾಕ್ಟರು ಪುಡಿಯ ಪೊಟ್ಟಣಗಳನ್ನು ಕೊಟ್ಟರು. ಎದೆಹಾಲಿನಲ್ಲಿ ಕದಡಿ ಬೆಳಿಗ್ಗೆ ಒಂದು, ಸಂಜೆ ಒಂದು.

“ಹೊತ್ತು ತಪ್ಪಿದ್ರೆ ಸೆಳೆತ ಮತ್ತೆ ಬರುತ್ತಮ್ಮ. ಅವಸರಕ್ಕೆ ಮುಂಚೆ ಕೊಟ್ರೆ ಉಸಿರೇ ನಿಂತೀತು,” ಎಂದರು.

ನನ್ನ ಹತ್ತಿರ ಗಡಿಯಾರ ಎಲ್ಲಿಂದ ಬರಬೇಕು? ತೋಟದಲ್ಲಿ ಕೆಲಸಕ್ಕೆ ಕರೆಯುವ ಗಂಟೆಗೆ ಒಂದು, ಕೆಲಸ ಬಿಡುವ ಗಂಟೆಗೆ ಒಂದು ಎಂದು ಗೊತ್ತುಮಾಡಿಕೊಂಡೆ. ಆರು ದಿನ ಸೆಳೆತ ಸುಳಿಯಲಿಲ್ಲ.

ಏಳನೇ ದಿನ ಮಂಜು ಕವಿದು ಹೊತ್ತು ಏರಿದ್ದೇ ತಿಳಿಯಲಿಲ್ಲ. ಹಾಲು ಹಿಂಡಿಟ್ಟು, ಪೊಟ್ಟಣ ಕೈಯಲ್ಲಿ ಹಿಡಿದು ಗಂಟೆಗೆ ಕಾದೆ. ಕೊಟ್ಟುಬಿಡಲೇ ಎನ್ನಿಸಿತು. ಮುಂಚೆಯಾದರೆ? ಮತ್ತೂ ಕಾದೆ. ಕೂಸಿನ ಕೈ ಅದುರಿತು.

ಸೆಳೆತದಲ್ಲಿ ಬಾಯಿಗೆ ಏನೂ ಹಾಕುವಂತಿಲ್ಲ. ಮಗ್ಗುಲಿಗೆ ಮಲಗಿಸಿ, ಯಾರಾದರೂ ಬನ್ನಿ ಎಂದು ಕೂಗಿದೆ. ಹನ್ನೆರಡು ಮನೆಗಳಲ್ಲಿ ಒಬ್ಬರೂ ಓಗೊಡಲಿಲ್ಲ. ಇಣುಕಿದರೆ ಎಲ್ಲ ಬಾಗಿಲಿಗೂ ಹೊರಗಿನಿಂದ ಚಿಲಕ. ಆಗ ಹೊಳೆಯಿತು, ಇವತ್ತು ಭಾನುವಾರ. ಕೆಲಸಕ್ಕೆ ರಜೆ, ಎಲ್ಲರೂ ಸಂತೆಗೆ ಹೋಗಿದ್ದಾರೆ, ಗಂಟೆ ಹೊಡೆಯುವುದೇ ಇಲ್ಲ. ಹೋಗುವಾಗ ಒಬ್ಬಳಾದರೂ ಸಂತೆಗೆ ಹೋಗ್ತೀವಿ ಕಣೇ ಎಂದಿದ್ದರೆ ಸಾಕಿತ್ತು.

ಸೆಳೆತ ಬಿಟ್ಟು ಕೂಸು ಚೀಪತೊಡಗಿದ ಮೇಲೆ ಬಟ್ಟೆಯ ಬತ್ತಿಯನ್ನು ಮದ್ದಿನ ಹಾಲಿನಲ್ಲಿ ಅದ್ದಿ ಚೀಪಿಸಿದೆ. ನಿಧಾನವಾಗಿ ತುಟಿಗೆ ಬಣ್ಣ ಬಂತು.

ಸಂಜೆ ಪಕ್ಕದ ಮನೆಯ ಹುಚ್ಚಮ್ಮ ಹೊಸ್ತಿಲಾಚೆ ಒಂದಿಷ್ಟು ಮಂಡಕ್ಕಿ ಇಟ್ಟು ತಿರುಗಿದಳು.

“ಮಂಡಕ್ಕಿ ಬ್ಯಾಡ ಹುಚ್ಚಮ್ಮ, ಒಳಗೂ ಬರಬ್ಯಾಡ. ದಿನಾ ಬೆಳಿಗ್ಗೆ ಅಲ್ಲೇ ನಿಂತು, ಇವತ್ತು ಯಾವ ವಾರ ಅಂತ ಒಂದ್ಮಾತು ಹೇಳಿ ಹೋಗು,” ಎಂದೆ.

ಅವಳು ದಡದಡನೆ ತನ್ನ ಮನೆ ಹೊಕ್ಕಳು.

ಮರುದಿನ ಬೆಳಿಗ್ಗೆ ಬಾಗಿಲಾಚೆಯಿಂದ “ಸೋಮಾರ” ಎಂದು ಹುಚ್ಚಮ್ಮನ ದನಿ ಬಂತು, ಹಿಂದೆಯೇ ಓಡಿಹೋದ ಸದ್ದು. ಅಷ್ಟೂ ದಿನಗಳಲ್ಲಿ ಲೈನಿನವರು ನನ್ನೊಡನೆ ಆಡಿದ ಮೊದಲ ಮಾತು ಅದು. ಕೂಸನ್ನು ಅವಚಿಕೊಂಡು ಅತ್ತುಬಿಟ್ಟೆ.