ಬಾಯಿಬಡುಕಿಯ ಮೌನ

ನೊಣ ಗಾಜಿನ ಒಳಮೈ ಮೇಲೆ ನಡೆಯುತ್ತಿದೆ, ಆಚೆಯ ಬೆಟ್ಟದ ನೆತ್ತಿಯ ಮೇಲೇ ಕಾಲೂರಿ ಹೊರಟ ಹಾಗೆ, ಟಿಕೆಟ್ಟಿಲ್ಲ, ಬೆಲ್ಟಿಲ್ಲ, ತಕ್ಕಡಿ ಮೇಲೆ ನಿಂತು ತೂಕ ಬರೆಸಿದ್ದೂ ಇಲ್ಲ, ಆದರೂ ಗತ್ತು ನೋಡು ಅದರದ್ದು, ಎಂದುಕೊಂಡು ಅವನು ಕೈ ಬೀಸಿದ, ಅದು ಹಾರಿ ಹೋಗಿ ದಿಕ್ಸೂಚಿಯ ತಲೆ ಮೇಲೆ ಕೂತಿತು, ಕೂತ್ಕೋ ಮಹರಾಯ, ಕೂತ್ಕೋ, ಈ ವಿಮಾನದಲ್ಲಿ ಪೈಲಟ್ಟು ನಾನಾದರೂ ನನ್ನ ಮಾತು ಕೇಳೋರು ಯಾರಿದ್ದಾರೆ — ಬಲಗಡೆಯ ಸೀಟಿನಲ್ಲಿ ಸೋದರತ್ತೆ, ಎಡಗಣ್ಣಿಗೆ ಹತ್ತಿಪಟ್ಟಿ, ಪಟ್ಟಿಯ ಮೇಲೆ ಕಪ್ಪು ಕನ್ನಡಕ, ಅದರ ಮೇಲೆ ಹೆಡ್‌ಫೋನು, ನಿನ್ನೆ ತಾನೇ ಪಟ್ಟಣದ ಆಸ್ಪತ್ರೆಯಲ್ಲಿ ಪೊರೆ ತೆಗೆಸಿಕೊಂಡು ಇವತ್ತು ಕಣಿವೆಯ ಮನೆಗೆ ಹೊರಟ ಮುದುಕಿ, ಬಗ್ಗಬೇಡಿ, ಕೆಮ್ಮಬೇಡಿ, ಭಾರ ಎತ್ತಬೇಡಿ ಅಂತ ಡಾಕ್ಟರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಮಾತಾಡಬೇಡಿ ಅಂತ ಮಾತ್ರ ಹೇಳಲಿಲ್ಲವಲ್ಲ ಅಂತ ಖಾತ್ರಿ ಮಾಡಿಕೊಂಡು ಎದ್ದು ಬಂದವಳು. ಹಿಂದೆ ಟಪಾಲು ಚೀಲ, ಔಷಧಿ ಡಬ್ಬ, ಯಾರದೋ ಹೊಲಿಗೆ ಯಂತ್ರ. ಪುಟ್ಟಾ, ಆ ಬೆಳ್ಳಗಿರೋದೆಲ್ಲ ಮೋಡವೇನೋ, ಇಲ್ಲಾ ನನ್ನ ಕಣ್ಣೋ. ಮೋಡ ಅತ್ತೆ. ಒಳಗೆ ಹೊಕ್ತೀಯಾ. ಇಲ್ಲ ಅತ್ತೆ, ಪಕ್ಕದಲ್ಲಿ ಹೋಗ್ತೀನಿ. ಐವತ್ತು ದಾಟಿದವನನ್ನು ಪುಟ್ಟಾ ಅಂತ ಕರೆಯುವ ಜೀವ ಲೋಕದಲ್ಲಿ ಇದೊಂದೇ ಉಳಿದಿದೆ, ಅಮ್ಮ ಕಣ್ಣು ಮುಚ್ಚಿದ ಮೇಲೆ ಎತ್ತಿ ಆಡಿಸಿ ಅನ್ನ ಕಲಸಿಕೊಟ್ಟ ಕೈ, ಇವಳನ್ನು ನೆಟ್ಟಗೆ ಮನೆ ಮುಟ್ಟಿಸಿದರೆ ಸಾಕು ದೇವರೇ, ಇವತ್ತಿಗೆ ಇನ್ನೇನೂ ಕೇಳೋದಿಲ್ಲ, ಅಂದುಕೊಳ್ಳುವಷ್ಟರಲ್ಲಿ — ಟೆರೈನ್, ಟೆರೈನ್. ಬಂದಳು. ಬಾಯಿಬಡುಕಿ ಬಂದಳು.

ಫಲಕದ ಮೂಲೆಯಲ್ಲಿ ಒಂದು ಪೆಟ್ಟಿಗೆ, ನೆಲದ ಉಬ್ಬುತಗ್ಗೆಲ್ಲ ಅದರ ಹೊಟ್ಟೆಯೊಳಗೆ ಅಚ್ಚಾಗಿದೆ, ನಾವೀಗ ಎಲ್ಲಿದ್ದೇವೆ ಎಷ್ಟೆತ್ತರದಲ್ಲಿದ್ದೇವೆ ಅಂತ ಉಪಗ್ರಹಗಳನ್ನು ಕೇಳಿಕೊಳ್ಳುತ್ತಾ, ಮುಂದೆ ಗುಡ್ಡ ಅಡ್ಡ ಬಂದೀತು ಅನ್ನಿಸಿದ ಕೂಡಲೇ ಹೆಣ್ಣುದನಿಯಲ್ಲಿ ಕೂಗುತ್ತದೆ, ಮೊದಲು ಟೆರೈನ್ ಅಂತ, ಕೇಳದಿದ್ದರೆ ಪುಲ್ ಅಪ್ ಅಂತ, ನೆಲ ಬಂತು, ಮೂತಿ ಎತ್ತು, ಮೂತಿ ಎತ್ತು — ವಿಮೆಯವರು ಜುಲುಮೆ ಮಾಡಿದರು ಅಂತ ಭಾವ ಹಾಕಿಸಿದ್ದು, ಭಾವ ಅಂದರೆ ಅಕ್ಕನ ಗಂಡ, ಎರಡೇ ಎರಡು ವಿಮಾನಗಳ ಈ ಕಂಪನಿಯ ಯಜಮಾನ, ಹಾಕಿಸಿದ್ದು ಸರಿ, ಬೇಡ ಅಂದವರಾರು, ಆದರೆ ಅದರ ಹೊಟ್ಟೆಯೊಳಗೆ ಲೋಕದ ಕಲ್ಲುಮುಳ್ಳೆಲ್ಲ ಇದೆ, ನಮ್ಮ ಕಣಿವೆಯ ಹುಲ್ಲಿನ ರನ್‌ವೇ ಒಂದಿಲ್ಲ! ರನ್‌ವೇ ಇಲ್ಲದ ಕಡೆ ಯಾರಾದರೂ ಇಳಿಯಲು ಹೋದರೆ ಅದರ ಲೆಕ್ಕದಲ್ಲಿ ಅವರು ಸಾಯಲು ಹೊರಟವರು, ಹಾಗಾಗಿ ದಿನಾ ಬೆಳಗಾದರೆ ನಮ್ಮ ಮನೆಯಂಗಳಕ್ಕೆ ನಾವು ಇಳಿಯುವಾಗ ಇವಳು ಸತ್ತೆ ಸತ್ತೆ ಅಂತ ಎದೆ ಬಡಿದುಕೊಳ್ಳುತ್ತಾಳೆ, ಒಮ್ಮೆ ಮೇಷ್ಟರೊಬ್ಬರು ಹೆದರಿ ನನ್ನ ತೋಳಿಗೇ ಜೋತುಬಿದ್ದಿದ್ದರು, ಇಳಿದ ಮೇಲೂ ಬಿಡಲೊಲ್ಲರು. ಬರೆದಿದ್ದೀನಪ್ಪ, ಅಂತಾನೆ ಭಾವ, ಪೆಟ್ಟಿಗೆ ಮಾಡಿದೋರು ನಿಮ್ಮ ರನ್‌ವೇ ಸರ್ಕಾರದ ಪಟ್ಟೀಲಿದ್ರೆ ಸೇರಿಸ್ತೀವಿ ಅಂತಾರೆ, ಸರ್ಕಾರದೋರು ಹುಲ್ಲು ಕೊಯ್ಸಿ ಫೋಟೋ ಕಳ್ಸಿ ಅಂತಾರೆ, ಹುಲ್ಲು ಕೊಯ್ಸೋ ಹೊತ್ತಿಗೆ ಆ ಸಾಹೇಬನಿಗೆ ವರ್ಗ, ಹೊಸ ಸಾಹೇಬ ಬಂದು ಕೂರೋ ಹೊತ್ತಿಗೆ ಮತ್ತೆ ಹುಲ್ಲು. ಅದಕ್ಕೇ ನಾವು ನಾವೇ ಮಾಡಿಕೊಂಡ ಪದ್ಧತಿ, ಬೆಟ್ಟದ ಪಕ್ಕೆಯನ್ನು ಅಗೆದು ಬೆಳ್ಳಗೆ ಮಾಡಿದ ಕಲ್ಲು ಕ್ವಾರಿ ಕಂಡಿತೋ, ಪೆಟ್ಟಿಗೆ ಪಕ್ಕದ ಗುಂಡಿ ಒತ್ತು, ಅವಳ ಬಾಯಿ ಬಂದ್, ಸಾಸಿವೆಯಷ್ಟು ಹಳದಿ ದೀಪ ಹತ್ತುತ್ತದೆ, ಇಳಿದ ಮೇಲೆ ಮತ್ತೊಮ್ಮೆ ಒತ್ತು, ಕ್ವಾರಿ ಬಂತು ಬಾಯಿ ಮುಚ್ಚು ಅಂತ ಹೊಸದಾಗಿ ಸೇರಿದ ಪೈಲಟ್ಟುಗಳಿಗೆ ನಾನೇ ಹೇಳಿಕೊಡುತ್ತೇನೆ, ಈಗೀಗ ಹೇಳುವುದೂ ಬೇಡ, ಕ್ವಾರಿ ಕಂಡರೆ ಬೆರಳು ತಾನಾಗಿ ಹೋಗುತ್ತದೆ, ತುರಿಕೆ ಬಂದಲ್ಲಿಗೆ ಹೋದ ಹಾಗೆ.

ಯಾರೋ ಪುಟ್ಟಾ ಅದು, ಕಿವಿಯೊಳಗೆ ಕೂತು ಕೂಗಿದ್ದು. ಪೆಟ್ಟಿಗೆ ಅತ್ತೆ. ಪೆಟ್ಟಿಗೆ ಹೆಂಗಸಿನ ಥರ ಮಾತಾಡುತ್ತೇನೋ. ಹೂಂ ಅತ್ತೆ. ಏನಂತಾಳೆ. ಕೆಳಗೆ ನೆಲ ಇದೆ ಅಂತಾಳೆ. ನೆಲ ಇಲ್ದೆ ಇನ್ನೇನಿರುತ್ತೋ ಕೆಳಗೆ! — ನಕ್ಕಳು, ನಕ್ಕರೆ ಕಣ್ಣಿಗೆ ಆಯಾಸ ಅಂತ ಥಟ್ಟನೆ ನಿಲ್ಲಿಸಿದಳು, ಪಟ್ಟಿಯ ಮೇಲೆ ಕೈಯಿಟ್ಟು ನೋಡಿಕೊಂಡಳು, ಆಮೇಲೆ ಮೆಲ್ಲಗೆ, ಆದರೂ ಪಾಪ, ದನಿ ಒಳ್ಳೇದಿದೆ, ಹೆಣ್ಣುಮಗಳು ಏನೋ ಹೇಳ್ತಿದ್ದಾಳೆ ಅಂದ್ರೆ ಒಂದು ಗಳಿಗೆ ಕೇಳಬೇಕಪ್ಪ. ಆಯ್ತು ಅತ್ತೆ, ಕೇಳೋಣ, ನೀನು ಹೇಳಿದ್ದು ಕೇಳಿದ್ದಾಯ್ತು, ಅಕ್ಕ ಹೇಳಿದ್ದು ಕೇಳಿದ್ದಾಯ್ತು, ಹುಟ್ಟಿದಾಗಿನಿಂದ ಹೆಂಗಸರು ಹೇಳಿದ್ದನ್ನೇ ಕೇಳಿಕೊಂಡು ಬಂದವನು, ಬಚ್ಚಲಲ್ಲಿ ಜಾರುತ್ತೆ ನೋಡ್ಕೋ, ಬಾವಿ ಇಣುಕಬೇಡ, ಬಿಸಿ ಇದೆ ಊದ್ಕೋ, ಈ ಅತ್ತೆ ಹೇಳದೆ ಬಿಟ್ಟ ಅಪಾಯ ಯಾವುದಾದರೂ ಇತ್ತೇ, ಆಕಾಶಕ್ಕೆ ಹೋದರೆ ತಪ್ಪೀತು ಅಂತ ಆಕಾಶಕ್ಕೆ ಬಂದರೆ ಭಾವ ಇಲ್ಲೂ ಒಬ್ಬಳನ್ನು ತಂದು ಕೂರಿಸಿದ. ರೇಡಿಯೋ ಕರಕರ ಅಂದಿತು, ಅಕ್ಕ, ಕಣಿವೆಯ ರನ್‌ವೇ ಪಕ್ಕದ ಗೂಡಂಗಡಿಯಂಥ ಕೋಣೆಯಲ್ಲಿ ಕೂತು ಕಂಬದ ಮೇಲಿನ ಗಾಳಿಚೀಲ ನೋಡಿ ಗಾಳಿಯ ದಿಕ್ಕು ಹೇಳುವುದು ಅವಳ ಕೆಲಸ, ಕೇಳಿಸ್ತಿದೆಯೇನೋ, ಇವತ್ತು ಗಾಳಿ ತಿರುಗಿಬಿಟ್ಟಿದೆ, ಹೊಳೆ ಕಡೆಯಿಂದ ಬರಬೇಡ, ಹಿಂದಿನ ಗುಡ್ಡದ ಇಳುಕಲಿಂದ ಬಾ. ಸರಿ ಅಕ್ಕ. ಅತ್ತೆ ಹೇಗಿದ್ದಾರೆ. ಮಾತಾಡ್ತಿದ್ದಾರೆ. ಹಾಗಾದ್ರೆ ಚೆನ್ನಾಗಿದ್ದಾರೆ ಬಿಡು. ಇಳುಕಲಲ್ಲಿ ಮೋಡ ಇದೆಯಾ ಅಕ್ಕ. ಇದೆ, ಹರಕು ಮೋಡ, ಒಂದೆರಡು ತುಂಡು, ನಿನಗೇನು ಹೊಸದಾ.

ಹೊಸದೇನಲ್ಲ, ವರ್ಷಕ್ಕೆ ಮೂರೋ ನಾಲ್ಕೋ ಸಲ ಗಾಳಿ ಹೀಗೆ ತಿರುಗುತ್ತದೆ, ಆಗ ಕ್ವಾರಿಯ ಬಳಿ ಹೊಳೆಯತ್ತ ಹೊರಳದೆ ನೇರ ಮುಂದಕ್ಕೆ ಹೋಗಬೇಕು, ಎದುರಿಗೆ ಗುಡ್ಡಸಾಲು, ಅದರ ನಡುವೆ ತಡಿ ಹಾಕಿದ ಕುದುರೆ ಬೆನ್ನಿನಂಥ ಒಂದು ಇಳುಕಲು, ಅದನ್ನು ದಾಟಿದರೆ ಕಣಿವೆ, ಮನೆ, ಅಕ್ಕನ ಬಿಸಿ ಅನ್ನ, ಅಂದುಕೊಳ್ಳುತ್ತಿರುವಾಗ ಅತ್ತೆ, ಪುಟ್ಟಾ ಕಣ್ಣಿಗೆ ಹಾಕೋ ಹನಿ ಯಾವ ಚೀಲದಲ್ಲಿಟ್ಟೆ, ಹಿಂದಿದೆ ಅತ್ತೆ, ಹಿಂದೆ ಅಂದ್ರೆ ಬಿಸಿಲಿಗಿಟ್ಟೆಯೇನೋ, ತಂಪಲ್ಲಿಡು ಅಂದಿದ್ರು, ಇಲ್ಲ ಅತ್ತೆ, ನೋಡ್ದೇನೇ ಇಲ್ಲ ಅಂತೀಯಲ್ಲ, ಅಯ್ಯೋ ಅತ್ತೆ ವಿಮಾನ ಬಿಟ್ಟೆದ್ದು ಹಿಂದೆ ಹೋಗಿ ನೋಡ್ಲಾ ಈಗ, ಮುಖ ಸಿಂಡರಿಸ್ಬೇಡ ನನಗೆ ಒಂದು ಕಣ್ಣಲ್ಲಾದ್ರೂ ಕಾಣುತ್ತೆ — ಬಲಕ್ಕೆ ಕ್ವಾರಿ, ಬಿಸಿಲಿಗೆ ಬೆಳ್ಳಗೆ ಹಲ್ಲು ಕಿರಿದ ಹಾಗೆ — ಟೆರೈ — ಬೆರಳು ಹೋಗಿತ್ತು, ಒತ್ತಿತ್ತು, ಅವಳ ಮಾತು ನಡುವೆಯೇ ತುಂಡಾಯಿತು, ಅಬ್ಬಾ, ಸ್ವಾಮೀ, ಶಾಂತಿ ಅಂದರೆ ಇದಪ್ಪ. ಬಾಯಿ ಮುಚ್ಚಿಸಿದೆಯೇನೋ, ಅಂದಳು ಅತ್ತೆ, ಬೊಗಳುತ್ತೆ ಅಂತ ನಾಯಿ ಮೂತಿಗೆ ಬಟ್ಟೆ ಕಟ್ಟಿ ಬಾಗಿಲು ತೆಗೆದು ಮಲಗಿದ್ನಂತೆ ಒಬ್ಬ. ಮಲಗಲಿ ಅತ್ತೆ, ಪಾಪ ಅವನಿಗೂ ಎಷ್ಟು ದಿನದ ನಿದ್ದೆ ಬಾಕಿಯಿತ್ತೋ. ಅವಳು ಸಿಟ್ಟಿನಿಂದ ಬಾಯಿ ಬಿಗಿದು ಕಿಟಕಿಯತ್ತ ತಿರುಗಿದಳು, ಅದೂ ಒಂದು ಲಾಭವೇ, ಇಂಜಿನ್ನಿನ ಗುಂಯ್ ಒಂದೇ ಈಗ, ಹಿತವಾಗಿ, ದೇವರ ಕೋಣೆಯಲ್ಲಿ ಒಬ್ಬನೇ ಕೂತ ಹಾಗೆ, ಇಳುಕಲಿಗೆ ಅಡ್ಡ ಒಂದು ಹರಕು ಮೋಡ ಕೂತಿದೆ, ತೆಳ್ಳಗಿದೆ, ಆಚೆಯ ಹಸಿರು ಕಂಡೂ ಕಾಣದ ಹಾಗಿದೆ, ಪಕ್ಕದಲ್ಲಿ ಹೋಗ್ತೀನಿ ಅಂದಿದ್ದೆ ಅತ್ತೆಗೆ, ಇದೇನು ಮೋಡವೇ, ಹಾಲಿನ ಕೆನೆ, ಎರಡು ಉಸಿರು ಎಳೆಯುವಷ್ಟರಲ್ಲಿ ಆಚೆ, ಹೊಕ್ಕ, ಬೆಳ್ಳಗಾಯಿತು, ಒಂದು ಉಸಿರು, ಎರಡು, ಇನ್ನೂ ಬಿಳಿಯೇ, ತಿರುಗಿದ ಗಾಳಿ ಪಕ್ಕದಿಂದ ತಳ್ಳುತ್ತಿದೆ, ಇರಲಿ, ಗುಡ್ಡ ಬಂದರೆ ಅವಳು ಕೂಗ್ತಾಳೆ, ಕೂಗ್ತಿಲ್ಲ ಅಂದ ಮೇಲೆ ಎಲ್ಲಾ ಸರಿಯಿದೆ, ಅಂತ ಮನಸ್ಸು ಅಂದಿತಲ್ಲ, ಅವನ ಮನಸ್ಸೇ, ಅಷ್ಟು ನೆಮ್ಮದಿಯಿಂದ, ಬಾಯಿ ಮುಚ್ಚಿಸಿದವಳ ಮೇಲೆ ಭಾರ ಹಾಕಿ ಕೂತಿತಲ್ಲ, ಆಗ ಬಿಳಿ ಕಪ್ಪಾಯಿತು, ಕಪ್ಪು ಹಸಿರಾಯಿತು, ಹಸಿರು ಕೊಂಬೆಯಾಯಿತು, ಮರ, ಮರದ ತುದಿ, ತುದಿಯಲ್ಲಿ ಕಡ್ಡಿಗಳ ದೊಡ್ಡ ಗೂಡು, ಗೂಡಿನಲ್ಲಿ ಮೂರು ಮರಿಗಳು ಕೊರಳು ನಿಗುರಿಸಿ ಬಾಯಿ ಕಳೆದು ನಿಂತಿವೆ, ಒಳಗೆಲ್ಲ ಕೆಂಪು.

ಎಳೆದ, ಎಳೆದ ಅಂತ ಗೊತ್ತಾದದ್ದು ಆಮೇಲೆ, ಕೈಗಳು ತಾವಾಗಿ ಚುಕ್ಕಾಣಿ ಎಳೆದಿದ್ದವು, ಇಂಜಿನ್ನು ಕಿರುಚಿ ವಿಮಾನ ಬಲಕ್ಕೆ, ನೆಲ ತಗ್ಗುವ ಕಡೆಗೆ, ಒರಗಿಕೊಂಡೇ ಮೇಲೆದ್ದಿತ್ತು, ಹಿಂದೆ ಹೊಲಿಗೆ ಯಂತ್ರ ಕುಕ್ಕರಿಸಿ ಬಿದ್ದ ಸದ್ದು, ಎದೆಯ ಮೇಲೆ ಬಂಡೆ ಇಟ್ಟಂಥ ಭಾರ, ಅತ್ತೆ ಹಾ ಅಂದಳು, ಒಂದೇ ಸಲ, ಮೋಡ ಹರಿದು ಬಿಸಿಲು ಬಂತು, ಗುಡ್ಡಸಾಲು ಈಗ ಪಕ್ಕಕ್ಕೇ ಇದೆ, ಕಣಿವೆ ಅದರ ಆಚೆಗೇ ಉಳಿಯಿತು, ಮತ್ತು ಹಳದಿ ದೀಪ, ಸಾಸಿವೆಯಷ್ಟು, ಉರಿಯುತ್ತಲೇ ಇದೆ. ಒತ್ತಿದ. ದೀಪ ಆರಿತು. ಪುಲ್ ಅಪ್, ಪುಲ್ ಅಪ್, ಅಂದಳು ಬಾಯಿಬಡುಕಿ, ಕಟ್ಟು ಬಿಚ್ಚಿದ ಕೂಡಲೇ, ಒಂದು ಮಾತು ಹಂಗಿಸದೆ, ಎಲ್ಲಿ ನಿಲ್ಲಿಸಿದ್ದಳೋ ಅಲ್ಲಿಂದಲೇ ಅನ್ನುವ ಹಾಗೆ, ಏರಿದ, ಇನ್ನೂ ಏರಿದ, ಅವಳು ಸುಮ್ಮನಾದಳು. ಅತ್ತೇ, ಕಣ್ಣು ಹೇಗಿದೆ. ಬಗ್ಗಬೇಡ ಅಂದಿದ್ರು, ನೀನು ನನ್ನನ್ನ ಮಡಚೇ ಇಟ್ಟೆಯಲ್ಲೋ, ಪಟ್ಟಿಯೊಳಗೆ ಬೆಳಕು ಮಿಂಚಿದ ಹಾಗಾಯ್ತು ಪುಟ್ಟಾ. ನೋವಿದೆಯಾ. ಗೊತ್ತಾಗ್ತಿಲ್ಲ ಕಣೋ. ಕಣಿವೆಗೆ ಹೋಗಬೇಕಾದರೆ ಇದೇ ಇಳುಕಲನ್ನು ಮತ್ತೆ ದಾಟಬೇಕು, ಇದೇ ಮೋಡ, ಇದೇ ಕೈಗಳು, ರೇಡಿಯೋ ಒತ್ತಿದ, ಅಕ್ಕ, ಪಟ್ಟಣಕ್ಕೆ ವಾಪಸು ಹೋಗ್ತಿದ್ದೀನಿ, ಅತ್ತೆ ಕಣ್ಣನ್ನ ಡಾಕ್ಟರು ಇನ್ನೊಂದ್ಸಲ ನೋಡ್ಬೇಕು. ಅಯ್ಯೋ ನಿನ್ನ, ಇಲ್ಲಿ ಸದ್ದು ಕೇಳಿಸ್ತು, ಗುಡ್ಡದಾಚೆ ಬಂದೇ ಬಿಟ್ಟೆ ಅಂತ ಅನ್ನಕ್ಕಿಟ್ಟಿದ್ದೀನಿ, ಏನಾಯ್ತೋ. ಆಮೇಲೆ ಹೇಳ್ತೀನಿ ಅಕ್ಕ. ಈಗ ಹೇಳಕ್ಕೇನು ಧಾಡಿ. ಆಮೇಲೆ.

ಆಮೇಲೆ ಏನಂತ ಹೇಳೋದು, ಗಾಳಿ ತಳ್ಳಿತು ಅಂತಲೇ, ತಳ್ಳಿದ್ದು ನಿಜ, ಮೋಡ ದಪ್ಪವಿತ್ತು ಅಂತಲೇ, ಅದೂ ನಿಜ, ನಿಜಗಳಿಗೇನು ಬರವೇ, ಭಾವ ಕೇಳಿದರೆ ಅವನ ಹುಲ್ಲು, ಅವನ ಸಾಹೇಬ, ಬೈಯಲು ಎಷ್ಟೊಂದು ಜನರಿದ್ದಾರೆ, ಹುಲ್ಲು ಕೊಯ್ಸಿದ್ದರೆ, ಪಟ್ಟಿಗೆ ಸೇರಿಸಿದ್ದರೆ, ಇವಳು ನಿಜಕ್ಕೆ ಮಾತ್ರ ಕೂಗುವವಳಾಗಿದ್ದರೆ — ಮರಿಗಳು, ಮೂರಿದ್ದವೇ, ಆ ವೇಗದಲ್ಲಿ ಯಾರಾದರೂ ಎಣಿಸುತ್ತಾರೆಯೇ, ಕಂಡದ್ದೋ, ಹೆದರಿಕೆ ಬರೆದುಕೊಂಡ ಚಿತ್ರವೋ, ತಾಯಿ ಬಂತು ಅಂತ ತಿಳಿದಿರಬೇಕು ಅವು, ಇಷ್ಟು ದೊಡ್ಡ ನೆರಳು, ಇಷ್ಟು ದೊಡ್ಡ ರೆಕ್ಕೆ, ತುತ್ತು ತಂದಿದೆ ಅಂತ ಬಾಯಿ ಕಳೆದವು. ಪುಟ್ಟಾ. ಹೂಂ ಅತ್ತೆ. ಆಗ ಆ ಹೆಂಗಸು ಯಾಕೆ ಸುಮ್ಮನಿದ್ದಳೋ. ಗಾಜಿನಾಚೆ ಪಟ್ಟಣದ ಬಯಲು, ಮಟ್ಟಸ, ಒಂದು ದಿಬ್ಬವೂ ಇಲ್ಲ, ನಾನೇ ಸುಮ್ಮನಿರಿಸಿದ್ದೆ ಅತ್ತೆ, ಅಂದ, ಅವಳು ಬಯ್ಯುತ್ತಾಳೆ ಅಂತ ಕಾದ, ಚಿಕ್ಕಂದಿನಲ್ಲಿ ಬಾವಿಕಟ್ಟೆ ಹತ್ತಿದ್ದಕ್ಕೆ ಬೈದ ಹಾಗೆ ಬೈದು, ಬೈದು ಸುಸ್ತಾಗಿ, ಅತ್ತು, ಅನ್ನ ಕಲಸಿಕೊಡುತ್ತಾಳೆ ಅಂತ, ಅವಳು ಬಯ್ಯಲಿಲ್ಲ. ಪೆಟ್ಟಿಗೆಯೂ ಏನೂ ಅನ್ನಲಿಲ್ಲ. ದೀಪ ನೋಡಿದ, ಆರಿದೆ, ಅಂದರೆ ಇದು ಒಳ್ಳೆಯ ಮೌನ, ಕೆಳಗೆ ಬಯಲು ಅಂತ ಅವಳಿಗೂ ಗೊತ್ತಿರುವ ಮೌನ, ಆಗಿನದು ಬೇರೆ, ಆದರೆ ಕಿವಿಗೆ ಎರಡೂ ಒಂದೇ, ಗುಂಯ್ ಅಂತ ಒಂದೇ ಇಂಜಿನ್ನು, ಆಗಲೂ ಹೀಗೇ ಹಿತವಾಗಿತ್ತು, ಮತ್ತೆ ನೋಡಿದ ದೀಪವನ್ನು, ಆರಿದೆ, ಮತ್ತೆ ನೋಡಿದ, ಬಾರೇ ತಾಯಿ, ಒಂದು ಮಾತಾಡೇ, ಸುಳ್ಳೇ ಆಗಲಿ ಕೂಗೇ, ಗುಡ್ಡ ಬಂತು ಅನ್ನೇ, ಇಷ್ಟು ದಿನ ಬಡಿದುಕೊಂಡೆಯಲ್ಲ, ಈಗೇನಾಯ್ತು ನಿನಗೆ — ಅತ್ತೇ, ಅಂದ, ಏನಾದ್ರೂ ಮಾತಾಡು ಅತ್ತೆ, ಹನಿ ಎಲ್ಲಿಟ್ಟೆ ಅಂತ ಕೇಳು, ತಿರುಗಿ ನೋಡಿದರೆ ಕನ್ನಡಕ ಮೂಗಿನ ತುದಿಗೆ ಜಾರಿದೆ, ಅವಳ ತೆರೆದಿದ್ದ ಒಂದೇ ಕಣ್ಣೂ ಮುಚ್ಚಿದೆ, ಕೈ ಮುಗಿದಿದೆ, ತುಟಿ ಅಲುಗುತ್ತಿದೆ, ಯಾವ ನಾಮವೋ, ಯಾರ ಸಲುವಾಗಿಯೋ, ದನಿ ಹೊರಡುತ್ತಿಲ್ಲ, ಇಂಜಿನ್ನಿನಡಿಯಲ್ಲಿ ಒಂದಕ್ಷರವೂ ಕೇಳಿಸುತ್ತಿಲ್ಲ, ತುಟಿ ತೆರೆಯುತ್ತದೆ, ಮುಚ್ಚುತ್ತದೆ, ತೆರೆಯುತ್ತದೆ, ಒಳಗೆ ಕೆಂಪು, ಅವನ ಕಣ್ಣೊಳಗೆ ಮತ್ತೆ ಮರದ ತುದಿ, ಕಡ್ಡಿಗಳ ಗೂಡು, ಕೊರಳು ನಿಗುರಿಸಿ ನಿಂತ ಮರಿಗಳು, ಬಾಯಿ ಕಳೆದಿವೆ, ಕೂಗುತ್ತಿವೆ, ಕೂಗುತ್ತಲೇ ಇವೆ, ಸದ್ದಿಲ್ಲ